ಅಧಿಕ ಮಾಸ ಯಾರ ಪಾಲಿಗೆ

ಧರ್ಮಬಂಧುಗಳೇ, ತಾಯಂದಿರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿರಿ. ಹೇಳಹೊರಟಿರುವುದು ಮಹಾತ್ಮರ ಚರಿತ್ರೆಯಲ್ಲ. ಬುದೈ ಪಟ್ಟಣದಲ್ಲಿ, ಬಂದರಿನ ಹಿಂದಿನ ಓಣಿಯಲ್ಲಿ, ಕಡಲಸಿಂಪಿಯ ಚಿಪ್ಪು ತೆರೆದು ಮಾಂಸ ಬಿಡಿಸಿ ಬದುಕುವ ಬೀಲಿಯೆನ್ ಎಂಬ ಹೆಂಗಸಿನ ಸಂಗತಿ. ಗುವಾನ್‌ಯಿನ್ ತಾಯಿ ಎಂಬ ದೇವಿಯ ಕರುಣೆ ಮಂದಿರದ ಧೂಪದ ಹೊಗೆಯಲ್ಲಿ ಮಾತ್ರ ಸುಳಿದಾಡುತ್ತದೆಂದು ನಂಬಿರುವವರು ಇದನ್ನು ಅವಶ್ಯವಾಗಿ ಕೇಳಬೇಕು.

ಬೀಲಿಯೆನ್ ಹುಟ್ಟಿದ್ದೂ ಆ ಓಣಿಯಲ್ಲಿಯೇ. ಮಾತು ಬರುವ ಮೊದಲೇ ಅವಳ ಕೈಗೆ ಸಿಂಪಿಯ ಚೂರಿ ಬಂದಿತ್ತೆಂದು ಓಣಿಯ ಹಿರಿಯರು ಹೇಳುವುದುಂಟು. ತಾಯಿ ಲಿಮ್ ಛುನ್ ಅವಳನ್ನು ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡು, ಚಿಪ್ಪಿನ ಯಾವ ಮೂಲೆಗೆ ಚೂರಿಯ ಮೊನೆ ಕೊಟ್ಟರೆ ಅದು ತಾನಾಗಿ ಬಾಯಿ ಬಿಡುತ್ತದೆಂಬುದನ್ನು ಕಲಿಸಿದಳು. ಬೀಲಿಯೆನ್‌ಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಬುನ್‌ತಿಯೊಂಗ್ ಓದಿ ಶಾಲೆಯೊಂದರ ಗುಮಾಸ್ತನಾದ. ತಮ್ಮ ಎಂಗ್‌ಹುವಾತ್ ಸ್ಕೂಟರ್ ರಿಪೇರಿಯ ಅಂಗಡಿ ಇಟ್ಟ. ನಡುವಿನವಳನ್ನು ಪುರಸಭೆಯ ಕಸದ ಲಾರಿ ಓಡಿಸುವ ಚುಯಿಬೊಕ್‌ಗೆ ಕೊಟ್ಟರು. ಮೂರು ಓಣಿ ದಾಟಿದರೆ ತವರು. ಆದರೂ ಹೊರಗೆ ಕೊಟ್ಟ ಮಗಳು ಹೊರಗಿನವಳೇ. ಹಬ್ಬಕ್ಕೆ ಕೈಯಲ್ಲಿ ಏನಾದರೂ ಹಿಡಿದು ಹೋಗುವುದು, ಸಂಜೆಯಾಗುವುದರೊಳಗೆ ತಿರುಗಿ ಬರುವುದು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಹಾಗೆಯೇ ನಡೆಯಿತು.

ತಂದೆ ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ನಮ್ಮ ಕಡೆಯ ಪದ್ಧತಿಯಂತೆ ತಾಯಿಯ ಊಟದ ಸರದಿಯನ್ನು ಹಂಚಿಕೊಂಡರು. ಚಾಂದ್ರಮಾನದ ಬೆಸ ತಿಂಗಳುಗಳು ಹಿರಿಯನ ಪಾಲು, ಸಮ ತಿಂಗಳುಗಳು ಕಿರಿಯನ ಪಾಲು. ಪ್ರತಿ ತಿಂಗಳ ಮೊದಲ ದಿನ ಬೆಳಿಗ್ಗೆ ಮುದುಕಿ ತನ್ನ ಬಟ್ಟೆಯ ಗಂಟನ್ನು ಕಟ್ಟಿಕೊಂಡು ಒಂದು ಮನೆಯಿಂದ ಇನ್ನೊಂದಕ್ಕೆ ನಡೆದುಹೋಗುತ್ತಿದ್ದಳು. ಇದರಲ್ಲಿ ಯಾರೂ ತಪ್ಪು ಕಂಡವರಲ್ಲ. ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಮುದುಕಿಯೂ ಸೊಸೆಯರ ಅಡುಗೆಯನ್ನು ಹೋಲಿಸಿ ನಗುತ್ತ ದಿನ ಕಳೆದಳು.

ತೊಡಕು ಬಂದದ್ದು ಆರನೆಯ ತಿಂಗಳು ಎರಡು ಸಲ ಬಂದ ವರ್ಷದಲ್ಲಿ.

ಆರನೆಯ ತಿಂಗಳು ಎಂಗ್‌ಹುವಾತನದು. ಅದು ಮುಗಿದು ಅಧಿಕ ಮಾಸ ಹುಟ್ಟಿದ ಬೆಳಿಗ್ಗೆ ಅವನ ಹೆಂಡತಿ ಅತ್ತೆಯ ಗಂಟನ್ನು ತಾನೇ ಕಟ್ಟಿ ಅಂಗಡಿಯ ಮುಂದಿನ ಮೊಗಸಾಲೆಯಲ್ಲಿ ಸ್ಟೂಲ್ ಹಾಕಿ ಕೂರಿಸಿದಳು. ಬುನ್‌ತಿಯೊಂಗ್ ಬರಲಿಲ್ಲ. ಫೋನ್ ಮಾಡಿದರೆ ಅವನೆಂದ: "ಅದೂ ಆರನೇ ತಿಂಗಳೇ ಅಲ್ವೇನೋ? ಆರು ಅಂದ್ರೆ ಸಮ. ನಿಂದೇ ಪಾಲು." ಎಂಗ್‌ಹುವಾತ್ ಸ್ಪ್ಯಾನರನ್ನು ನೆಲಕ್ಕೆಸೆದು, "ಓಹೋ! ನನ್ನ ತಿಂಗಳು ಆಗೋಯ್ತು ಅಣ್ಣ. ಆದ್ಮೇಲೆ ಬರೋದು ನಿಂದು. ಎರಡು ತಿಂಗಳು ಒಟ್ಟಿಗೇ ಹೊರೋಕೆ ನಾನೇನು ಕತ್ತೆನಾ?" ಎಂದ.

ಅಧಿಕ ಮಾಸದಲ್ಲಿ ಮದುವೆಯಾದ ಹೆಣ್ಣುಮಕ್ಕಳು ಹಂದಿಕಾಲಿನ ಸಾರಿಗೆ ಶ್ಯಾವಿಗೆ ಹಾಕಿ ತವರಿಗೆ ಒಯ್ದು ತಂದೆತಾಯಿಗೆ ಉಣಿಸಬೇಕು. ಶ್ಯಾವಿಗೆಯ ಎಳೆಯಂತೆ ಅವರ ಆಯುಸ್ಸೂ ಉದ್ದವಾಗಲಿ ಎಂದು. ಬೀಲಿಯೆನ್ ಅಂದು ನಸುಕಿನಲ್ಲೆದ್ದು ಬೇಯಿಸಿ, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಬಂದಳು. ಬಂದರೆ ತಾಯಿ ಬಿಸಿಲು ಏರುತ್ತಿದ್ದ ಮೊಗಸಾಲೆಯಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. ಹೋಗಿಬರುವ ಗಿರಾಕಿಗಳು, "ಎಲ್ಲಿಗೆ ಹೊರಟ್ರಿ ಅಜ್ಜಿ?" ಎಂದು ಕೇಳುತ್ತಿದ್ದಾರೆ, ಆಕೆ ನಗುತ್ತಿದ್ದಾಳೆ.

"ಅವ್ವಾ, ಇಲ್ಯಾಕೆ ಕೂತಿದೀಯ?"

"ಈ ತಿಂಗಳು ಯಾರ್ದು ಅಂತ ಅವ್ರಿಗೇ ಗೊತ್ತಾಗ್ತಿಲ್ವಂತೆ ಕಣೆ. ಗೊತ್ತಾಗೋ ತನಕ ಕೂತಿರ್ತೀನಿ."

ಬೀಲಿಯೆನ್ ಹೆಚ್ಚು ಯೋಚಿಸಿದವಳಲ್ಲ. ಡಬ್ಬಿಯನ್ನು ಹ್ಯಾಂಡಲ್‌ಗೆ ತೂಗುಹಾಕಿ ತಾಯಿಯನ್ನು ಹಿಂದೆ ಕೂರಿಸಿಕೊಂಡಳು. "ಈ ತಿಂಗಳು ನಂದು ಬಿಡಿ," ಎಂದು ತಮ್ಮನ ಕಡೆ ಕೂಗಿ ಹೇಳಿ ಹೊರಟಳು. ಶ್ಯಾವಿಗೆಯನ್ನು ತಾಯಿಮಗಳು ಬೀಲಿಯೆನ್‌ಳ ಮನೆಯಲ್ಲಿಯೇ ಉಂಡರು.

ಒಂದು ತಿಂಗಳ ಮಾತು. ಆದರೆ ಅದು ಕಳೆದೊಡನೆ ಬಂದದ್ದು ಏಳನೆಯ ತಿಂಗಳು, ಪ್ರೇತಗಳು ಅಲೆಯುವ ಕಾಲ. ಬುನ್‌ತಿಯೊಂಗನ ಹೆಂಡತಿ ಫೋನಿನಲ್ಲಿ ಗಾಬರಿಯಾದಳು: "ಈ ತಿಂಗಳಲ್ಲಿ ವಯಸ್ಸಾದವರನ್ನ ಮನೆ ಬದಲಾಯಿಸ್ತಾರಾ? ಹಿಂದೆ ಏನೇನು ಬೆನ್ನತ್ತಿ ಬರುತ್ತೋ!" ಎಂಟನೆಯ ತಿಂಗಳು ಎಂಗ್‌ಹುವಾತನದು. ಅವನೆಂದ: "ಅಣ್ಣ ಏಳನೇ ತಿಂಗಳು ತೀರಿಸ್ಲಿ, ಆಮೇಲೆ ನಂದು. ನಡುವೆ ನಾನು ಶುರು ಮಾಡಿದ್ರೆ ಸರದಿ ಸೊಟ್ಟಗಾಗುತ್ತೆ." ಒಂಬತ್ತರಲ್ಲಿ ಅಣ್ಣ, "ಎಂಟು ಅವನು ಮಾಡ್ಲಿಲ್ವಲ್ಲ, ಮೊದಲು ಅವನದ್ದು ಆಗ್ಲಿ," ಎಂದ. ಹೀಗೆ ಒಬ್ಬರ ಬೆನ್ನು ಇನ್ನೊಬ್ಬರು ನೋಡುತ್ತ ನಿಂತರು. ಚಳಿಗಾಲದಲ್ಲಿ ಮುದುಕಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಲ್ಲಿಂದ ಮುಂದೆ ಸರದಿಯ ಮಾತನ್ನೇ ಯಾರೂ ಎತ್ತಲಿಲ್ಲ.

ಬಂಧುಗಳೇ, ದಣಿವು ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡುತ್ತೇವೆ! ಸಂತೆಗೆ ಹೋಗಿ ಬಂದವನೂ ದಣಿದೆ ಎನ್ನುತ್ತಾನೆ. ಬೀಲಿಯೆನ್‌ಳ ದಣಿವು ಬೇರೆ ಬಗೆಯದು. ತಾಯಿಯ ನೆನಪು ಮುಕ್ಕಾಗುತ್ತ ಬಂದಿತ್ತು. ಇರುಳೆಲ್ಲ ಎದ್ದೆದ್ದು ಕೂರುವ ತಾಯಿಯನ್ನು ಮತ್ತೆ ಮತ್ತೆ ಮಲಗಿಸಬೇಕು, ಒದ್ದೆಯಾದ ಹಾಸಿಗೆ ಬದಲಿಸಬೇಕು. ಬೆಳಗಾದರೆ ಗಾಲಿಕುರ್ಚಿಯಲ್ಲಿ ಅವಳನ್ನು ಸಿಂಪಿಯ ಚಪ್ಪರಕ್ಕೆ ತಳ್ಳಿಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿ, ತಾನು ಚೂರಿ ಹಿಡಿಯಬೇಕು. ಎಷ್ಟೋ ಸಲ ಚಿಪ್ಪು ಕೈಯಲ್ಲಿರುವಂತೆಯೇ ಕಣ್ಣು ಮುಚ್ಚಿಹೋಗಿ ಚೂರಿ ಬೆರಳಿಗೆ ತಾಕುತ್ತಿತ್ತು. ಜೊತೆಯ ಹೆಂಗಸರು, "ಬೀಲಿಯೆನ್, ಸಿಂಪಿಯನ್ನ ಬಿಡಿಸು ತಾಯಿ, ನಿನ್ನನ್ನೇ ಬಿಡಿಸ್ಕೋಬೇಡ," ಎಂದು ನಗಿಸಲು ನೋಡುತ್ತಿದ್ದರು. ನಗುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ಒಂದು ಅಭ್ಯಾಸ ಮಾತ್ರ ಮುದುಕಿಯನ್ನು ಬಿಟ್ಟುಹೋಗಿರಲಿಲ್ಲ. ತಿಂಗಳು ಹುಟ್ಟುವ ದಿನ ಬಂತೆಂದರೆ, ಅದು ಹೇಗೆ ತಿಳಿಯುತ್ತಿತ್ತೋ, ಬೆಳಿಗ್ಗೆಯೇ ತಡಕಾಡಿ ಬಟ್ಟೆಗಳನ್ನು ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಳ್ಳುವಳು.

"ಇದು ಯಾರ ತಿಂಗಳು ಕಣೆ? ತಡವಾದ್ರೆ ಸೊಸೆ ಸಿಡುಕ್ತಾಳೆ."

"ಇನ್ನೂ ಅಧಿಕ ಮಾಸವೇ ನಡೀತಿದೆ ಅವ್ವ. ನನ್ನ ತಿಂಗಳು. ಗಂಟು ಬಿಚ್ಚು."

"ಹೌದಾ? ಉದ್ದ ಬಂತಪ್ಪ ಈ ಸಲದ ಅಧಿಕ ಮಾಸ," ಎಂದು ಮುದುಕಿ ಸಮಾಧಾನಗೊಳ್ಳುವಳು. ಅದು ಸುಳ್ಳೆಂದು ಬೀಲಿಯೆನ್‌ಗೆ ಗೊತ್ತು. ಮಂದಿರದಲ್ಲಿ ಮಂಡಿಯೂರಿದಾಗ ಅದಕ್ಕಾಗಿ ಕ್ಷಮೆ ಕೇಳುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಅದನ್ನೇ ಹೇಳುತ್ತಿದ್ದಳು.

ಇನ್ನು ತೆರಿಗೆಯ ಮಾತಿಗೆ ಬರೋಣ. ಮೇ ತಿಂಗಳಲ್ಲಿ ಹಿಂದಿನ ವರ್ಷದ ಆದಾಯದ ಲೆಕ್ಕ ಒಪ್ಪಿಸುವಾಗ, ತಾನು ಸಾಕುತ್ತಿರುವ ಮುದಿ ತಂದೆತಾಯಿಯನ್ನು ಅವಲಂಬಿತರೆಂದು ಬರೆದವನಿಗೆ ತೆರಿಗೆ ತಗ್ಗುತ್ತದೆ. ಆದರೆ ಒಬ್ಬ ತಾಯಿಯನ್ನು ಮಕ್ಕಳಲ್ಲಿ ಒಬ್ಬರೇ ಬರೆಯತಕ್ಕದ್ದು. ಆವರೆಗೆ ಬುನ್‌ತಿಯೊಂಗನೇ ಬರೆಯುತ್ತಿದ್ದ. ತಂದೆಯ ತಿಥಿಯ ದಿನ ಎಂಗ್‌ಹುವಾತನ ಹೆಂಡತಿ ಇದು ಅನ್ಯಾಯವೆಂದು ರಾಗ ತೆಗೆದಾಗ, ಊಟದಂತೆಯೇ ಇದನ್ನೂ ಹಂಚಿಕೊಳ್ಳುವುದೆಂದು ಮಾತಾಯಿತು: ಬೆಸ ವರ್ಷ ಅಣ್ಣನಿಗೆ, ಸಮ ವರ್ಷ ತಮ್ಮನಿಗೆ. ಬೀಲಿಯೆನ್ ಅಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಅವಳಿಗೂ ತೋರಲಿಲ್ಲ.

ಮೇ ತಿಂಗಳಲ್ಲಿ ಇಬ್ಬರೂ ತಾಯಿಯ ಹೆಸರು ಬರೆದರು. ನಡುಶರತ್ಕಾಲದ ಹಬ್ಬದ ಹೊತ್ತಿಗೆ ಇಬ್ಬರ ಮನೆಗೂ ತೆರಿಗೆ ಕಚೇರಿಯಿಂದ ಕಾಗದ ಬಂತು: ಲಿಮ್ ಛುನ್ ಎಂಬವರನ್ನು ನೀವಿಬ್ಬರೂ ಅವಲಂಬಿತೆಯೆಂದು ತೋರಿಸಿದ್ದೀರಿ, ನಿಮ್ಮೊಳಗೆ ಒಪ್ಪಂದವಾದರೆ ಸರಿ, ಇಲ್ಲವಾದರೆ ನಿಜವಾಗಿ ಸಾಕಿದವರು ಯಾರೆಂಬುದಕ್ಕೆ ಆಧಾರದೊಡನೆ ಬರತಕ್ಕದ್ದು.

ಬುನ್‌ತಿಯೊಂಗ್ ಹಬ್ಬಕ್ಕೆಂದು ಒಂದು ಚೀಲ ಚಕ್ಕೋತ ಹಿಡಿದು ತಂಗಿಯ ಮನೆಗೆ ಬಂದ. ಮೊದಲೇ ಬರೆದಿಟ್ಟ ಹೇಳಿಕೆಯೊಂದು ಅವನ ಜೇಬಿನಲ್ಲಿತ್ತು. ಗಾಲಿಕುರ್ಚಿಯಲ್ಲಿ ತೂಕಡಿಸುತ್ತಿದ್ದ ತಾಯಿಗೆ ದೂರದಿಂದಲೇ ಕೈಮುಗಿದು ಕುಳಿತ. ಚಹಾ ಬರುವ ಮೊದಲೇ ಎಂಗ್‌ಹುವಾತನೂ ಅವನ ಹೆಂಡತಿಯೂ ಬಂದರು. ಅವರ ಕೈಯಲ್ಲಿಯೂ ಚಕ್ಕೋತದ ಚೀಲ.

"ಬೆಸ ವರ್ಷ ನಂದು ಅಂತ ಮಾತಾಗಿತ್ತಲ್ಲೋ!" ಎಂದ ಅಣ್ಣ.

"ಆಗಿತ್ತು. ನೂರ ಹದಿನಾಲ್ಕು ಬೆಸವಾ ಅಣ್ಣ? ಶಾಲೇಲಿ ಇದ್ಕೊಂಡು ಲೆಕ್ಕ ಬರಲ್ವಾ?"

"ಯಾವ ನೂರ ಹದಿನಾಲ್ಕು? ಎರಡು ಸಾವಿರದ ಇಪ್ಪತ್ತೈದು ಸಮವಾ?"

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಮೂಲೆಯಲ್ಲಿ ಬೂಟು ಬಿಚ್ಚುತ್ತಿದ್ದ ಚುಯಿಬೊಕ್ ತಲೆಯೆತ್ತದೆ ಹೇಳಿದ: "ಭಾವ ಲೋಕದ ವರ್ಷ ಎಣಿಸಿದ್ರು, ಭಾಮೈದ ನಮ್ಮ ಗಣರಾಜ್ಯ ಹುಟ್ಟಿದಾಗಿನಿಂದ ವರ್ಷ ಎಣಿಸ್ದ. ಇಬ್ಬರದ್ದೂ ಸರಿ. ಯಾವ ಲೆಕ್ಕದಲ್ಲಿ ಎಣಿಸಿದ್ರೂ ಅತ್ತೆ ಮಾತ್ರ ಅಧಿಕ ಮಾಸದಿಂದ ನಮ್ಮ ಮನೇಲೇ ಇದಾರೆ."

ಎಂಗ್‌ಹುವಾತನ ಹೆಂಡತಿ ಬೇಗನೆ ಮಾತು ತಿರುಗಿಸಿದಳು. "ಅಕ್ಕಾ, ನೀವು ಒಂದು ಸಹಿ ಹಾಕಿದ್ರೆ ಆಯ್ತು. ಅತ್ತೆ ನಮ್ಮಲ್ಲಿ ಊಟ ಮಾಡ್ತಿದ್ರು ಅಂತ. ನಾನು ವಾರಕ್ಕೊಂದು ಸಲ ಸೂಪ್ ಮಾಡಿ ಕಳಿಸ್ತೀನಿ."

"ಸೂಪು!" ಎಂದು ಬುನ್‌ತಿಯೊಂಗ್ ಮೂಗು ಮುರಿದ. ಅವರು ಹೋದ ಮೇಲೆ ಅವನು ತಂಗಿಯ ಬಳಿ ಬಾಗಿ ಮೆಲ್ಲನೆ ನುಡಿದ: "ನೋಡು ತಂಗಿ, ನಾನು ಸೂಪಿನ ಮಾತು ಆಡಲ್ಲ. ನೀನು ನನಗೆ ಸಹಿ ಹಾಕು. ಬರೋ ತಿಂಗಳ ಮೊದಲ ದಿನವೇ ಅವ್ವನ್ನ ನಾನು ಕರ್ಕೊಂಡು ಹೋಗ್ತೀನಿ. ಹೊಸ ವರ್ಷದ ತನಕ ನಮ್ಮಲ್ಲೇ ಇರ್ಲಿ. ನೀನು ಮಲಗು. ನಿನ್ನ ಕಣ್ಣು ನೋಡು, ಹೇಗಾಗಿದೆ."

ಮಲಗು. ಆ ಒಂದು ಮಾತಿಗೆ ಬೀಲಿಯೆನ್‌ಳ ಕಣ್ಣಲ್ಲಿ ನೀರು ಬಂತು. ವರ್ಷಕ್ಕೂ ಮೇಲಾಗಿ ಅವಳಿಗೆ ಆ ಮಾತನ್ನು ಯಾರೂ ಆಡಿರಲಿಲ್ಲ. ಅಣ್ಣ ಹೇಳಿಕೆಯನ್ನು ಮೇಜಿನ ಮೇಲೆ ಬಿಟ್ಟು ಹೋದ. ಗಂಡನೂ ಹೇಳಿದ: "ಹಾಕ್ಬಿಡೆ. ಯಾರಿಗೇನು ನಷ್ಟ? ತೆರಿಗೆಯವರಿಗೆ ಅತ್ತೆ ಎಲ್ಲಿ ಉಂಡ್ರೆ ಏನು? ನೀನು ಬಿದ್ದುಹೋದ್ರೆ ಆಮೇಲೆ ಇಬ್ಬರನ್ನೂ ನಾನೇ ಲಾರಿಗೆ ಹಾಕ್ಕೊಂಡು ತಿರುಗ್ಬೇಕು."

"ಕಸದ ಲಾರೀಲಾ?"

"ಮುಂದೆ ಕೂರಿಸ್ತೀನಿ ಮಾರಾಯ್ತಿ, ಹಿಂದೆ ಅಲ್ಲ."

ಅಂದು ಬಹುಕಾಲದ ಮೇಲೆ ಅವಳು ನಕ್ಕಳು. ನಕ್ಕು, ಪೆನ್ನು ತೆಗೆದುಕೊಂಡು, ಅಣ್ಣ ಬರೆದುದನ್ನು ಓದಿದಳು. ಆ ವರ್ಷದುದ್ದಕ್ಕೂ ತಾಯಿ ಲಿಮ್ ಛುನ್ ಹಿರಿಯ ಮಗನ ಮನೆಯಲ್ಲಿಯೇ ವಾಸವಾಗಿದ್ದು ಅವನ ಆರೈಕೆಯಲ್ಲಿಯೇ ಇದ್ದರೆಂಬುದನ್ನು ನಾನು ಬಲ್ಲೆ, ಎಂದಿತ್ತು. ಕೆಳಗೆ ಸಹಿಗೆ ಜಾಗ.

ಸಹಿ ಹಾಕಲು ಅವಳಿಗೆ ಮನಸ್ಸಿತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. ಅವಳಿಗೆ ತೆರಿಗೆಯ ರಿಯಾಯಿತಿ ಬೇಡವಾಗಿತ್ತು, ಹೊಗಳಿಕೆ ಬೇಡವಾಗಿತ್ತು; ಬೇಕಾಗಿದ್ದುದು ಎದ್ದು ಕೂರುವವರಿಲ್ಲದ ಒಂದು ನಿದ್ರೆ. ಆ ನಿದ್ರೆ ಈ ಕಾಗದದ ಆಚೆ ಬದಿಯಲ್ಲಿ ಕಾಯುತ್ತಿತ್ತು.

ಅಷ್ಟರಲ್ಲಿ ತಾಯಿ ಎಚ್ಚತ್ತು, "ಬೆಳಿಗ್ಗೆ ಊಟ ಆಯ್ತಾ ನಂದು?" ಎಂದು ಕೇಳಿದಳು.

"ಆಯ್ತು ಅವ್ವ. ಗಂಜಿ ಕುಡಿದ್ಯಲ್ಲ."

"ನೆನಪಿಲ್ಲ ಕಣೆ. ನೀನು ಹೇಳಿದ್ರೆ ಆಗಿರುತ್ತೆ."

ಬೀಲಿಯೆನ್ ಪೆನ್ನು ಕೆಳಗಿಟ್ಟಳು. ತಾಯಿ ಬದುಕಿದ ದಿನಗಳು ತಾಯಿಯ ಬಳಿಯೇ ಉಳಿದಿಲ್ಲ. ಸೊಂಟ ಮುರಿದ ಚಳಿಗಾಲ, ಸಿಂಪಿಯ ಚಪ್ಪರದ ಬಿಸಿಲು, ಮಗಳ ಕೈಯಿಂದ ಗುಟುಕು ಗುಟುಕಾಗಿ ಕುಡಿದ ಗಂಜಿ, ಇವೆಲ್ಲವೂ ಈಗ ಇರುವುದು ಮಗಳ ನೆನಪಿನಲ್ಲಿ ಮಾತ್ರ. ಅವಳೂ ಅವು ನಡೆಯಲಿಲ್ಲವೆಂದು ಬರೆದುಕೊಟ್ಟರೆ ಅವ್ವ ಆ ದಿನಗಳನ್ನು ಎಲ್ಲಿ ಬದುಕಿದ ಹಾಗಾಯಿತು? ಇರುವ ನೆನಪನ್ನು ರೋಗ ಕಿತ್ತುಕೊಳ್ಳುತ್ತಿದೆ. ಉಳಿದುದನ್ನು ತಾನು ಕಿತ್ತುಕೊಡುವುದೇ? ಇಷ್ಟನ್ನು ಅವಳು ಈ ಮಾತುಗಳಲ್ಲಿ ಯೋಚಿಸಲಿಲ್ಲ. ಕಾಗದ ಮಡಚಿ ಡ್ರಾಯರಿಗೆ ಹಾಕಿದಳು.

ಕಚೇರಿಗೆ ಕರೆದ ದಿನ ಎಲ್ಲರೂ ಹೋದರು. ಬೀಲಿಯೆನ್ ತಾಯಿಯನ್ನೂ ತಳ್ಳಿಕೊಂಡು ಹೋದಳು, ಬಿಟ್ಟುಹೋಗಲು ಬೇರೆ ಯಾರೂ ಇರಲಿಲ್ಲವಾಗಿ. ಮೇಜಿನ ಹಿಂದೆ ಕುಳಿತಿದ್ದ ಅಧಿಕಾರಿ ಕಾನ್ ಎಂಬ ಹೆಂಗಸು. ಅವಳ ಮುಖದಲ್ಲಿಯೂ ಬೆಳಗಿನಿಂದ ಇಂಥವೇ ಜಗಳಗಳನ್ನು ಕೇಳಿದ ದಣಿವಿತ್ತು. ಅಣ್ಣತಮ್ಮಂದಿರ ಬೆಸ-ಸಮದ ವಾದವನ್ನು ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಅವಳೆಂದಳು:

"ವರ್ಷ ಯಾವುದು ಅಂತ ನನಗೆ ಗೊತ್ತು ಸ್ವಾಮಿ. ಅಜ್ಜಿ ಯಾರ ಮನೇಲಿದ್ರು ಅಂತ ಗೊತ್ತಿಲ್ಲ. ಈಗ ಯಾರ ಹತ್ರ ಇದಾರೆ?"

"ನನ್ನ ಪಾಲಿನಲ್ಲಿ," ಎಂದರು ಇಬ್ಬರೂ ಒಟ್ಟಿಗೆ.

ಅಧಿಕಾರಿ ಹಿರಿಯನ ಕಡೆ ತಿರುಗಿದಳು. ಅದರಲ್ಲಿ ಕುಹಕವಿರಲಿಲ್ಲ, ಕೇಳಬೇಕಾದುದನ್ನು ಕೇಳಿದಳು, ಅಷ್ಟೇ. "ಬೆಳಿಗ್ಗೆ ಏನು ತಿಂತಾರೆ?"

"ಗಂಜಿ. ಜೊತೆಗೆ ಹುರಿದ ಕಡ್ಲೆಕಾಯಿ, ಉಪ್ಪಿನ ಮೂಲಂಗಿ. ಅವ್ವನಿಗೆ ಮೂಲಂಗಿ ಅಂದ್ರೆ ಪ್ರಾಣ."

ಅಧಿಕಾರಿ ಗಾಲಿಕುರ್ಚಿಯಲ್ಲಿದ್ದ ಮುದುಕಿಯನ್ನು ನೋಡಿದಳು. ಮುದುಕಿ ಅವಳಿಗೆ ನಗೆ ಬೀರಿದಳು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಬುನ್‌ತಿಯೊಂಗನೂ ನೋಡಿದ. ಅವನ ಕಿವಿ ಕೆಂಪಾಯಿತು.

"ಅಮ್ಮ, ನೀವು ಮಗಳಲ್ವಾ? ನೀವು ಹೇಳಿ," ಎಂದಳು ಅಧಿಕಾರಿ.

ಬೀಲಿಯೆನ್ ಎದ್ದು ನಿಂತಳು. ಧ್ವನಿ ಏರಿಸಲು ಅವಳಲ್ಲಿ ಕಸುವಿರಲಿಲ್ಲ. "ಆ ವರ್ಷ ಆರನೇ ತಿಂಗಳ ತನಕ ಇವರಿಬ್ಬರೂ ಸರದಿ ಪ್ರಕಾರ ನೋಡಿದಾರೆ. ಒಂದು ದಿನ ತಪ್ಪಿಸಿಲ್ಲ. ಅದನ್ನೂ ಬರೀರಿ. ಅಧಿಕ ಮಾಸದಿಂದ ಈಚೆಗೆ ಅವ್ವ ನನ್ನ ಹತ್ರ ಇದಾಳೆ. ಅಷ್ಟೇ."

"ಮನೆ ಮಾನ ತೆಗೆದ್ಯಲ್ಲೇ," ಎಂದ ಎಂಗ್‌ಹುವಾತ್ ಹಲ್ಲು ಕಚ್ಚಿ. "ಹೊರಗಿನವಳು ಹೊರಗಿನವಳೇ."

"ಹೊರಗಿನವಳ ಮನೇಲಿ ನಿಮ್ಮಮ್ಮ ಇದಾರೆ ಕಣಪ್ಪ," ಎಂದ ಚುಯಿಬೊಕ್. "ಕೂತ್ಕೋ."

ಮೂವರಲ್ಲಿ ಹೆಚ್ಚು ಕಾಲ ಸಾಕಿದವರು ಇವರೇ ಆದ್ದರಿಂದ ಅಣ್ಣತಮ್ಮಂದಿರಿಬ್ಬರ ಬರಹವನ್ನೂ ತೆಗೆದುಹಾಕುವುದಾಗಿಯೂ, ಮಗಳು ಗಂಡನ ಲೆಕ್ಕದಲ್ಲಿ ತಾಯಿಯನ್ನು ಸೇರಿಸಿ ತಿದ್ದುಪಡಿ ಕೊಡಬಹುದೆಂದೂ ಅಧಿಕಾರಿ ತಿಳಿಸಿದಳು. ಮದುವೆಯಾದ ಮಗಳಿಗೂ ಈ ಹಕ್ಕುಂಟೆಂದು ಬೀಲಿಯೆನ್‌ಗೆ ಗೊತ್ತಾದದ್ದೇ ಆಗ. "ನನ್ನ ಹೆಸರಿಗೆ ಬರ್ಲಿ ಅಂತ ನಾನು ಹೇಳಿದ್ದಲ್ಲ," ಎಂದು ಅವಳು ಗಂಡನ ಕಡೆ ನೋಡಿದಳು. "ಅಲ್ಲ ಅಂತ ಗೊತ್ತು. ಬಂದದ್ದನ್ನ ಬೇಡ ಅನ್ನೋಕೆ ನಾವೇನು ಸನ್ಯಾಸಿಗಳಾ?" ಎಂದು ಅವನು ತಿದ್ದುಪಡಿಯ ಕಾಗದ ಕೇಳಿ ಪಡೆದ. ಅವಲಂಬಿತರು ಎಂಬಲ್ಲಿ ಬೀಲಿಯೆನ್ ಅವ್ವನ ಹೆಸರು ಬರೆದಳು. ಹೆತ್ತವಳನ್ನು ತನ್ನವಳೆಂದು ಬರೆಯಲು ಅವಳಿಗೆ ಅಷ್ಟು ವರ್ಷ ಬೇಕಾಯಿತು.

ಆದರೆ ಅಂದು ಅವಳು ಗೆದ್ದು ಬಂದಳೆಂದು ತಿಳಿಯಬೇಡಿರಿ. ಅಣ್ಣ ತನ್ನ ಕಾಗದಗಳನ್ನು ಮಡಚಿಕೊಂಡು ಹೊರಟುಹೋದ. ಬರುವ ತಿಂಗಳ ಮೊದಲ ದಿನ ಅವನು ಬರುವನೆಂಬ ಆಸೆಯನ್ನು ಅವಳು ಕಚೇರಿಯ ಬಾಗಿಲಲ್ಲಿಯೇ ಬಿಟ್ಟು, ತಾಯಿಯನ್ನು ತಳ್ಳಿಕೊಂಡು ಉಪ್ಪುಗಾಳಿಗೆ ಮುಖವೊಡ್ಡಿ ಮನೆಗೆ ಬಂದಳು. ಸತ್ಯ ನುಡಿದುದಕ್ಕೆ ಅವಳಿಗೆ ಸಿಕ್ಕಿದುದು ಮತ್ತದೇ ಇರುಳು, ಮತ್ತದೇ ಹಾಸಿಗೆ, ಮತ್ತದೇ ಚಪ್ಪರ. ತೆರಿಗೆಯಲ್ಲಿ ಉಳಿದುದು ತಾಯಿಯ ಒರೆಸುವ ಬಟ್ಟೆಗಳಿಗೆ ಹೋಯಿತು. ಕರುಣಾಮಯಿಯ ಮುಂದೆ ಧೂಪ ಹಚ್ಚುವಾಗ ಅವಳು ಏನನ್ನೂ ಬೇಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನಿದ್ರೆ ಬಂದುಬಿಡುತ್ತಿತ್ತು.

ಚಳಿ ಇಳಿಯತೊಡಗಿದ ಒಂದು ಮಧ್ಯಾಹ್ನ, ರಜೆಯ ದಿನ, ಬಾಗಿಲಲ್ಲಿ ಬುನ್‌ತಿಯೊಂಗ್ ನಿಂತಿದ್ದ. ಕೈಯಲ್ಲಿ ಚಕ್ಕೋತವಿರಲಿಲ್ಲ, ಕಾಗದವೂ ಇರಲಿಲ್ಲ. ಒಳಗೆ ಬರಲೋ ಬೇಡವೋ ಎಂಬಂತೆ ಚಪ್ಪಲಿಯನ್ನು ಅರ್ಧ ಕಳಚಿಕೊಂಡಿದ್ದ.

"ಅವ್ವನಿಗೆ ಹಲ್ಲು ಯಾವಾಗ ಹೋಯ್ತು?" ಎಂದು ಕೇಳಿದ.

"ಕಡೇ ಹಲ್ಲು ಬಿದ್ದು ವರ್ಷವಾಯ್ತು ಅಣ್ಣ."

"ನನಗೆ ಗೊತ್ತಿರ್ಲಿಲ್ಲ." ಚಪ್ಪಲಿಯನ್ನು ಪೂರ್ತಿ ಕಳಚಿ, "ಕಚೇರಿಯಿಂದ ಬಂದಾಗಿನಿಂದ ಅದೇ ಮಾತು ತಲೇಲಿ ಕೂತಿದೆ. ಮೂಲಂಗಿ ಅಂದೆನಲ್ಲ... ಈಗ ಏನು ಮಾಡ್ಬೇಕು ಹೇಳು. ಗೊತ್ತಿಲ್ಲ ನನಗೆ," ಎಂದ.

ಬೀಲಿಯೆನ್ ಹೇಳಿಕೊಟ್ಟಳು. ಗಂಜಿ ನೀರಾಗಿರಬೇಕು. ಎಡಗೆನ್ನೆಯ ಕಡೆಯಿಂದ ಚಮಚ ಕೊಡಬೇಕು. ನುಂಗಿದಳೆಂದು ಗಂಟಲು ನೋಡಿ ತಿಳಿಯಬೇಕು; ಅವಸರ ಮಾಡಬಾರದು. ಶಾಲೆಯ ಗುಮಾಸ್ತ, ಅಷ್ಟು ವಯಸ್ಸಾದವನು, ಮೊದಲ ಚಮಚವನ್ನು ತಾಯಿಯ ಗಲ್ಲದ ಮೇಲೆಲ್ಲ ಚೆಲ್ಲಿದ. ಮುದುಕಿ ಅವನನ್ನು ನೋಡಿ, "ಯಾರ ಮಗ ಇವನು? ಕೈ ಒರಟು," ಎಂದಳು. ಅವನು ಗಲ್ಲ ಒರೆಸಿದ. "ನಿನ್ನ ಮಗನೇ ಅವ್ವ," ಎಂದು ಇನ್ನೊಂದು ಚಮಚ ತುಂಬಿದ.

"ನೀನು ಮಲಗು ಹೋಗು," ಎಂದ ತಂಗಿಗೆ, ತಿರುಗಿ ನೋಡದೆ.

ಸ್ವಲ್ಪ ಹೊತ್ತು ಎಂದುಕೊಂಡು ಅವಳು ಒಳಕೋಣೆಯಲ್ಲಿ ತಲೆಯಿಟ್ಟಳು. ಕಣ್ಣು ತೆರೆದಾಗ ಕಿಟಕಿಯಲ್ಲಿ ಬೆಳಕು ಬಾಡುತ್ತಿತ್ತು. ಗಾಬರಿಯಿಂದೆದ್ದು ಹೊರಗೆ ಬಂದರೆ, ತಾಯಿ ಬಾಯಿ ತೆರೆದು ನಿದ್ರಿಸುತ್ತಿದ್ದಾಳೆ. ಮಗನ ಹೆಬ್ಬೆರಳು ಅವಳ ಮುಷ್ಟಿಯಲ್ಲಿ ಸಿಕ್ಕಿಕೊಂಡಿದೆ. ಬಿಡಿಸಿಕೊಂಡರೆ ಎಚ್ಚರಾದಾಳೆಂದು ಅವನು ಸ್ಟೂಲಿನ ಮೇಲೆ ಸೊಟ್ಟಗೆ ಬಾಗಿ ಹಾಗೆಯೇ ಕುಳಿತಿದ್ದಾನೆ. ಕಾಲು ಜೋಮು ಹಿಡಿದು ಮುಖ ಹಿಂಡಿಕೊಂಡಿತ್ತು.

"ಯಾಕೆ ಎದ್ದೆ?" ಎಂದ ಪಿಸುದನಿಯಲ್ಲಿ. "ಇನ್ನೊಂದು ಸ್ವಲ್ಪ ಮಲ್ಕೋ. ನಾನಿದೀನಿ."

ಅವನು ಈಗ ರಜೆಯ ದಿನಗಳಲ್ಲಿ ಬರುತ್ತಾನೆ. ಎಲ್ಲ ರಜೆಗೂ ಅಲ್ಲ. ಕೆಲವೊಮ್ಮೆ ತಪ್ಪಿಸುತ್ತಾನೆ, ತಪ್ಪಿಸಿದ ವಾರ ಫೋನ್ ಮಾಡುವುದಕ್ಕೂ ನಾಚುತ್ತಾನೆ. ಎಂಗ್‌ಹುವಾತ್ ಇಂದಿಗೂ ಬಂದಿಲ್ಲ. ಅವನಿಗಾಗಿಯೂ ಬೀಲಿಯೆನ್ ಒಂದು ಕಡ್ಡಿ ಧೂಪ ಹಚ್ಚುತ್ತಾಳೆ, ನೀವೂ ಹಚ್ಚಿರಿ. ಮುದುಕಿ ದಿನದಿಂದ ದಿನಕ್ಕೆ ಹಗುರವಾಗುತ್ತಿದ್ದಾಳೆ. ಮಗಳು ಇನ್ನೂ ದಣಿದೇ ಇದ್ದಾಳೆ. ಆದರೆ ಅಣ್ಣ ಬಂದ ವಾರದಲ್ಲಿ ಒಂದು ಮಧ್ಯಾಹ್ನ ಅವಳು ಮಲಗುತ್ತಾಳೆ.

ಧರ್ಮಬಂಧುಗಳೇ, ನಿಮ್ಮ ಓಣಿಯಲ್ಲಿಯೂ ಇಂಥ ಒಂದು ಮನೆಯುಂಟು. ನಿಮ್ಮ ಒಡಹುಟ್ಟಿದವರಲ್ಲಿಯೇ ಒಬ್ಬಳು ನಿಮ್ಮ ತಾಯಿಯನ್ನು ಹೊತ್ತುಕೊಂಡು ಕುಳಿತಿರಬಹುದು. ಅವಳಿಗೆ ಸೂಪು ಕಳುಹಿಸಬೇಡಿರಿ, ಉಪದೇಶವನ್ನೂ ಕಳುಹಿಸಬೇಡಿರಿ. ಇಂದೇ ಎದ್ದು ಹೋಗಿರಿ. ಗೊತ್ತಿಲ್ಲ, ಹೇಳಿಕೊಡು ಎಂದು ಕೇಳುವ ವಿನಯ ನಿಮಗೆ ಬರಲಿ. ಕೈ ಒರಟಾದರೂ ಚಮಚವನ್ನು ಹಿಡಿಯಿರಿ, ಮತ್ತು ಅವಳಿಗೆ ಹೇಳಿರಿ: ನೀನು ಮಲಗು.